ಲ್ಯಾಬಿನವರ ಬೋಗುಣಿ

ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೋಪು ಸವರಿ ಮಗಳು ಅಮ್ಮನ ಹೆಬ್ಬೆರಳನ್ನು ಮತ್ತೊಂದು ಸಲ ತಿಕ್ಕಿದಳು. ಉಗುರಿನ ಬುಡದ ಕರಿ ಗೆರೆ ಹೋಗಲೊಲ್ಲದು. ಎಂಟು ತಿಂಗಳಿಂದ ಕೆಸರು ಮುಟ್ಟದ ಕೈ ಅದು. ಹಾಸಿಗೆ ಹಿಡಿದ ಮೇಲೆ ದಿನವೂ ಬಿಸಿನೀರಿನಲ್ಲಿ ಅದ್ದಿ ಒರೆಸಿದ ಕೈ. ಆದರೂ ಬೆರಳಿನ ಬಿರುಕುಗಳಲ್ಲಿ, ಉಗುರಿನ ಸುತ್ತ, ಕೊಲ್ಲಿಯ ಕೆಸರು ಮನೆ ಮಾಡಿಕೊಂಡು ಕೂತಿತ್ತು.

"ಬಿಡೇ, ಸಾಕು. ಚರ್ಮ ಕಿತ್ತು ಬರುತ್ತೆ," ಎಂದಳು ಅಮ್ಮನ ಕಾಲ ಬಳಿ ಕೂತಿದ್ದ ಚಿಕ್ಕಮ್ಮ.

"ಅಮ್ಮ ಕೊಳಕು ಕೈಯಲ್ಲಿ ಎಲ್ಲಿಗೂ ಹೋದವಳಲ್ಲ, ಚಿಕ್ಕಮ್ಮ."

"ಅದು ಕೊಳಕಲ್ಲ ಕಣೇ, ಕಸುಬು. ನಂದೂ ನೋಡು." ಚಿಕ್ಕಮ್ಮ ತನ್ನ ಎರಡೂ ಅಂಗೈ ಚಾಚಿದಳು. ಅಕ್ಕನ ಕೈಯ ಪಕ್ಕದಲ್ಲಿ ಇಟ್ಟರೆ ಯಾವುದು ಯಾರದ್ದೆಂದು ಹೇಳುವಂತಿರಲಿಲ್ಲ. "ನಾಳೆ ನಾನು ಹೋದಾಗ ಹೀಗೆಲ್ಲ ತಿಕ್ಕೋಕೆ ಕೂರಬೇಡ. ನಂಗೆ ಮೊದಲೇ ಕಚಗುಳಿ ಜಾಸ್ತಿ. ಎದ್ದು ಕೂತುಬಿಟ್ರೆ ಎಲ್ಲರಿಗೂ ತೊಂದರೆ."

ಹಾಗೆಂದು ತಾನೇ ನಕ್ಕಳು. ನಗುತ್ತ ನಗುತ್ತ ಎಡಗೈಯಿಂದ ಪಕ್ಕೆ ಒತ್ತಿ ಹಿಡಿದುಕೊಂಡಳು. ಮಗಳಿಗೂ ನಗು ಬಂತು, ನಗುವಿನ ಬೆನ್ನಿಗೇ ಅಳು ಬಂತು. ಏಳು ತಿಂಗಳ ಹೊಟ್ಟೆ ಹೊತ್ತು ನೆಲದ ಮೇಲೆ ಕೂತು ಅವಳ ಸೊಂಟ ಸೋತು ಹೋಗಿತ್ತು. ಆದರೂ ಈ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ.

ಓಣಿಯಲ್ಲಿ ಸದ್ದಿರಲಿಲ್ಲ. ನಲವತ್ತು ಮನೆಗಳಲ್ಲಿ ಮೂವತ್ತೈದಕ್ಕೆ ಚಿಲಕ ಬಿದ್ದಿತ್ತು. ಸಾವಿನ ಮನೆಯನ್ನು ಬಿಟ್ಟು ಕೊಲ್ಲಿಗಿಳಿದರಲ್ಲ ಎಂದು ಹೊಸಬರಾದರೆ ಮೂಗು ಮುರಿಯುತ್ತಿದ್ದರೇನೋ. ಆದರೆ ಅದು ತಿಂಗಳಿನ ದೊಡ್ಡ ಇಳಿತದ ದಿನ, ನೀರು ಅಷ್ಟು ದೂರ ಸರಿಯುವುದು ತಿಂಗಳಿಗೆ ಎರಡು ಮೂರು ದಿನ ಮಾತ್ರ. ಅದನ್ನು ತಪ್ಪಿಸಿಕೊಂಡವರ ಜನ್ಮವನ್ನು ಅಮ್ಮ ಜಾಲಾಡುತ್ತಿದ್ದಳು. ಅವಳಿಗೆ ಓಣಿಯವರು ಇಟ್ಟ ಹೆಸರೇ ಗಡಿಯಾರ. ಮೂಗನ್ನು ಕಿಟಕಿಯ ಆಚೆ ಚಾಚಿ, "ಇನ್ನರ್ಧ ತಾಸಿಗೆ ನೀರು ತಿರುಗುತ್ತೆ, ಏಳ್ರೇ," ಎಂದರೆ ಮುಗಿಯಿತು, ನೀರು ತಿರುಗಲೇಬೇಕು. ಅಂಥವಳಿಗಾಗಿ ಇಳಿತ ಬಿಟ್ಟು ಮನೆಯಲ್ಲಿ ಕೂತರೆ ಅವಳ ಆತ್ಮವೇ ಎದ್ದು ಬಂದು ಬೈದೀತು ಎಂದು ಎಲ್ಲರೂ ಬುಟ್ಟಿ ಹಿಡಿದು ನಡೆದಿದ್ದರು. ಮಧ್ಯಾಹ್ನಕ್ಕೆ ಬರುತ್ತಾರೆ, ನಾಲ್ಕು ಗಂಟೆಗೆ ಮಣ್ಣು ಎಂದು ಮಾತಾಗಿತ್ತು.

"ಈ ನೀರು ಕರ್ರಗಾಯ್ತು. ಇನ್ನೊಂದು ಪಾತ್ರೆ ಬೇಕು," ಎಂದು ಚಿಕ್ಕಮ್ಮ ಗೋಡೆ ಹಿಡಿದು ಎದ್ದಳು. ಅಡುಗೆಮನೆಯ ಪಾತ್ರೆಗಳೆಲ್ಲ ಒಲೆಯ ಮೇಲಿದ್ದವು, ಇಲ್ಲವೇ ಪಕ್ಕದ ಮನೆಗೆ ಹೋಗಿದ್ದವು. ಅವಳ ಕೈ ಮರೆವಿನಲ್ಲಿ ಮೇಲಿನ ಹಲಗೆಯ ಬಿಳಿ ಬೋಗುಣಿಯತ್ತ ಹೋಯಿತು. ಎನಾಮಲ್ ಬೋಗುಣಿ, ಅಂಚಿಗೆ ನೀಲಿ ಪಟ್ಟಿ, ಎಲ್ಲೂ ಒಂದು ಚೂರು ಚಕ್ಕೆ ಎದ್ದಿಲ್ಲ.

"ಅದು ಬೇಡ ಚಿಕ್ಕಮ್ಮ. ಲ್ಯಾಬಿನವರದ್ದು."

ಚಿಕ್ಕಮ್ಮನ ಕೈ ಬಿಸಿ ತಾಗಿದಂತೆ ಹಿಂದಕ್ಕೆ ಬಂತು. "ಅಯ್ಯೋ, ಹೌದಲ್ಲ. ಅಕ್ಕ ನೋಡಿದ್ರೆ ಕೈ ಮುರೀತಿದ್ಲು." ಹನ್ನೊಂದು ವರ್ಷದಲ್ಲಿ ಆ ಬೋಗುಣಿಗೆ ಮನೆಯ ಒಂದು ತುತ್ತೂ ಬಿದ್ದಿರಲಿಲ್ಲ. ಅವಳು ಅದರ ಅಂಚನ್ನು ಬಟ್ಟೆಯಿಂದ ಒರೆಸಿ, ಮೊದಲು ಇದ್ದ ಹಾಗೇ ಗೋಡೆಗೆ ಮುಖ ಮಾಡಿ ಇಟ್ಟಳು.

*

ಲ್ಯಾಬಿನವರು ಮೊದಲ ಸಲ ಬಂದಾಗ ಅವರ ತಲೆ ತುಂಬ ಕೂದಲಿತ್ತು, ಕಾಲಿಗೆ ಮೊಣಕಾಲುದ್ದ ಹೊಸ ರಬ್ಬರ್ ಬೂಟು. ಒಂದು ಕೈಯಲ್ಲಿ ಐಸ್ ಪೆಟ್ಟಿಗೆ, ಇನ್ನೊಂದರಲ್ಲಿ ಗಾಜಿನ ಭರಣಿ. ಕೊಲ್ಲಿಯ ಮಣ್ಣಿನಲ್ಲಿ, ಚಿಪ್ಪಿನಲ್ಲಿ ಯಾವ ಲೋಹ ಎಷ್ಟಿದೆ ಎಂದು ಮೂರು ತಿಂಗಳಿಗೊಮ್ಮೆ ನೋಡಬೇಕೆಂದು ಸರ್ಕಾರದ ಆದೇಶವಾಗಿದೆ, ಬ್ಯಾಟರಿ ಕಾರ್ಖಾನೆಯ ಕಾಲುವೆ ಬಂದು ಬೀಳುವ ಒಳಕೆಸರಿನಿಂದ ಮೂವತ್ತು ಕಪ್ಪೆಚಿಪ್ಪು, ಒಂದು ಭರಣಿ ಮಣ್ಣು ಬೇಕು ಎಂದರು. ಹೇಳಿ, ಯಾರ ಮಾತಿಗೂ ಕಾಯದೆ ಕೆಸರಿಗೆ ಇಳಿದೇ ಬಿಟ್ಟರು.

ಒಳಕೆಸರಿನಲ್ಲಿ ಕಾಲೂರಿ ನಡೆಯುವವರು ಯಾರೂ ಇಲ್ಲ. ಹಲಗೆಯ ಮೇಲೆ ಒಂದು ಮೊಣಕಾಲೂರಿ, ಇನ್ನೊಂದು ಕಾಲಿನಿಂದ ತಳ್ಳಿಕೊಂಡು ಜಾರಬೇಕು. ನಿಂತವನು ಮುಳುಗುತ್ತಾನೆ. ಲ್ಯಾಬಿನವರು ನಾಲ್ಕನೇ ಹೆಜ್ಜೆಗೆ ತೊಡೆಯವರೆಗೆ ಇಳಿದರು. ಐಸ್ ಪೆಟ್ಟಿಗೆಯನ್ನು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದು, "ಅಮ್ಮಾ, ಅಮ್ಮಾ," ಎಂದು ಕೂಗತೊಡಗಿದರು. ದಡದಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಅಮ್ಮ ಒಬ್ಬಳೇ ನಗಲಿಲ್ಲ. ಹಲಗೆ ಜಾರಿಸಿಕೊಂಡು ಹೋಗಿ, ಕಂಕುಳಿಗೆ ಕೈ ಕೊಟ್ಟು, ಹಳ್ಳಕ್ಕೆ ಬಿದ್ದ ಕರುವನ್ನು ಎಳೆದಂತೆ ಎಳೆದು ತಂದಳು. ಬಲಗಾಲಿನ ಬೂಟು ಮಾತ್ರ ಬರಲಿಲ್ಲ.

ಆಮೇಲೆ ವರ್ಷಗಟ್ಟಲೆ ಅಮ್ಮನಿಗೆ ಅದೊಂದು ಮಾತಾಯಿತು. "ಆ ಬೂಟಲ್ಲಿ ಈಗ ಚಿಪ್ಪುಗಳು ಸಂಸಾರ ಹೂಡಿರ್ತವೆ ಬಿಡಿ ಸಾರ್. ಬಾಡಿಗೆ ಕೇಳೋಕೆ ಯಾವಾಗ ಬರ್ತೀರಿ?"

ಆ ದಿನ ನಲ್ಲಿಯ ಕೆಳಗೆ ಅವರ ಕಾಲು ತೊಳೆಯಲು ನೀರು ಬಿಡುತ್ತ ಅವಳು ಹೇಳಿದ್ದಳು, "ನೀವು ಇಳೀಬೇಡಿ ಸಾರ್. ಕಟ್ಟೆ ಮೇಲೆ ನಿಂತಿರಿ. ಏನು ಬೇಕೋ ನಾನು ತಂದುಕೊಡ್ತೀನಿ." ಲ್ಯಾಬಿನವರು ಕಣ್ಣಲ್ಲೇ ಕೈ ಮುಗಿದರು. ಒಂಟಿ ಬೂಟಿನಲ್ಲಿ ಕುಂಟುತ್ತ ಕಾರು ಹತ್ತಿದವರು ಮತ್ತೆ ಕೆಸರಿಗೆ ಕಾಲಿಡಲಿಲ್ಲ.

ಅವರು ಹೋದ ಮೇಲೆ ಅಮ್ಮ ಮಗಳನ್ನು ಕೇಳಿದಳು. "ಅದನ್ನ ತಗೊಂಡು ಹೋಗಿ ಏನು ಮಾಡ್ತಾರಂತೆ?"

"ಪರೀಕ್ಷೆ ಮಾಡ್ತಾರಂತೆ. ನಮ್ಮ ಚಿಪ್ಪು ಒಳ್ಳೇದಾ ಅಂತ."

"ಹಾಗಾದ್ರೆ ಒಳ್ಳೇದನ್ನೇ ಕೊಡಬೇಕಲ್ಲ."

ಇಷ್ಟೇ ಆದದ್ದು. ಇದರಲ್ಲಿ ಕಳ್ಳತನ ಇರಲಿಲ್ಲ, ಉಪಾಯ ಇರಲಿಲ್ಲ. ಮನೆಗೆ ಬಂದವರಿಗೆ ಮುರುಕು ತಟ್ಟೆಯಲ್ಲಿ ಬಡಿಸುತ್ತಾರೆಯೇ? ಅಮ್ಮ ಪೇಟೆಗೆ ಹೋಗಿ ಬಿಳಿ ಬೋಗುಣಿ ಕೊಂಡು ತಂದಳು. ಲ್ಯಾಬಿನವರು ಬರುವ ಹಿಂದಿನ ದಿನ ತಂಗಿಯನ್ನು ಕರೆದುಕೊಂಡು, ಕೊಲ್ಲಿಯ ಬಾಯಿ ದಾಟಿ, ಎರಡು ತಾಸು ಹುಟ್ಟು ಹಾಕಿ ಹೊರದಿಬ್ಬಕ್ಕೆ ಹೋದಳು. ಅಲ್ಲಿ ತೆರೆ ತೊಳೆದ ಬಿಳಿ ಮರಳಿದೆ, ಅಂಗೈಯಗಲದ ಚಿಪ್ಪುಗಳಿವೆ. ದೂರವೆಂದು, ತೆರೆಯ ಭಯವೆಂದು ಯಾರೂ ದಿನವೂ ಹೋಗುವ ಜಾಗವಲ್ಲ. ಮೂವತ್ತು ಚಿಪ್ಪನ್ನು ಒಂದೊಂದಾಗಿ ಆರಿಸಿ ತಂದಳು. ಭರಣಿಗೂ ಅಲ್ಲಿಯ ಮರಳನ್ನೇ ಮೂರು ನೀರಿನಲ್ಲಿ ತೊಳೆದು ತುಂಬಿದಳು.

"ಆ ನಾತದ ಕೆಸರನ್ನ ಓದಿದೋರ ಕೈಗೆ ಕೊಡೋಕಾಗುತ್ತಾ?"

ಭರಣಿಯ ಮುಚ್ಚಳ ತಿರುಗಿಸಿದ್ದು ಮಗಳೇ. ಅದರ ಮೇಲಿನ ಪಟ್ಟಿಯಲ್ಲಿ 'ಒಳಕೆಸರು' ಎಂದು ಲ್ಯಾಬಿನವರು ಮೊದಲೇ ಬರೆದಿಟ್ಟಿದ್ದರು.

*

ಮಧ್ಯಾಹ್ನ ಓಣಿ ತುಂಬಿತು. ಸೊಂಟದವರೆಗೆ ಕೆಸರು ಮೆತ್ತಿದ ಹೆಂಗಸರು ಗಂಡಸರು ಬಕೆಟ್ಟುಗಳನ್ನು ಹೊರಗೋಡೆಯುದ್ದಕ್ಕೂ ಸಾಲಾಗಿ ಇಟ್ಟು, ನಲ್ಲಿಯಲ್ಲಿ ಕಾಲು ತೊಳೆದು, ಒಬ್ಬೊಬ್ಬರಾಗಿ ಒಳಗೆ ಬಂದು ಅಮ್ಮನ ಮುಖ ನೋಡಿದರು. ಗುಮ್ಮ ಎಂದೇ ಹೆಸರಾದ ಮುದುಕ ದೋಣಿಯವನು ಮಂಚದ ಬಳಿ ತುಂಬ ಹೊತ್ತು ನಿಂತ.

"ಒಳ್ಳೇ ಇಳಿತ ಇತ್ತು ಕಣೇ ಗಡಿಯಾರ," ಎಂದು ಅವಳಿಗೇ ಹೇಳಿದ. "ಹತ್ತು ನಿಮಿಷ ತಡ ಆಯ್ತು ಏಳೋದು. ಕೂಗೋರು ಇರಲಿಲ್ಲ." ಅಷ್ಟು ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ಲ್ಯಾಬಿನವರು ಆಗಲೇ ಬಂದರು. ತಲೆಯ ಕೂದಲು ಅರ್ಧ ಹೋಗಿತ್ತು, ಉಳಿದದ್ದು ಬೆಳ್ಳಗಾಗಿತ್ತು. ಕೈಯಲ್ಲೊಂದು ಹೂವಿನ ಕಟ್ಟು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಒಂದು ಕಾಲದಲ್ಲಿ ಐಸ್ ಪೆಟ್ಟಿಗೆ ಹಿಡಿದಂತೆಯೇ ಎತ್ತಿ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಮಗಳೇ ಹೋಗಿ ತೆಗೆದುಕೊಂಡಳು. ಅವರು ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ಮತ್ತೆ ತೆಗೆದರು.

"ಹನ್ನೊಂದು ವರ್ಷ ಕಣಮ್ಮ. ಒಂದು ಸಲ ಅಂದ್ರೆ ಒಂದು ಸಲವೂ ಇವತ್ತಿಲ್ಲ, ನಾಳೆ ಬನ್ನಿ ಅನ್ನಲಿಲ್ಲ. ಬೇರೆ ಕಡೆ ಹೋದ್ರೆ ನಾಯಿ ಬಿಡ್ತಾರೆ. ಇಲ್ಲಿ ಬೋಗುಣಿ ರೆಡಿ ಇರೋದು. ಎಂಥಾ ಚಿಪ್ಪು! ನಾನೇ ಒಂದು ಸಲ ಕೇಳಿದ್ದೆ, ಕೆಸರಿನ ಚಿಪ್ಪು ಇಷ್ಟು ಬೆಳ್ಳಗೆ ಹೇಗಮ್ಮ ಬರುತ್ತೆ ಅಂತ. 'ತಿಕ್ಕೋರು ತಿಕ್ಕಿದ್ರೆ ಬರುತ್ತೆ ಸಾರ್' ಅಂದ್ರು."

ಸುತ್ತ ನಿಂತವರು ಮೆಲ್ಲನೆ ನಕ್ಕರು. ಅದು ಅಮ್ಮನದೇ ಮಾತು, ಅಮ್ಮನದೇ ಧಾಟಿ. ಮಗಳೂ ನಗಲು ಹೋದಳು.

"ಕೊನೇಲಿ ತುಂಬ ನೋವು ತಿಂದರಂತೆ," ಎಂದರು ಲ್ಯಾಬಿನವರು ದನಿ ತಗ್ಗಿಸಿ. "ಡಾಕ್ಟರು ನಮ್ಮ ಆಫೀಸಿಗೆ ಬರೆದಿದ್ದರು, ಗೊತ್ತಲ್ಲ? ಕೊಲ್ಲಿಯಲ್ಲಿ ಕ್ಯಾಡ್ಮಿಯಂ, ಮೂಳೆ ತಿನ್ನೋ ಆ ವಿಷದ ಲೋಹ, ಎಷ್ಟಿದೆ ತಿಳಿಸಿ ಅಂತ. ಉತ್ತರ ಟೈಪ್ ಮಾಡಿದ್ದು ನಾನೇ. ನಿಮ್ಮಮ್ಮನ ವಿಷಯ ಅಂತ ತಕ್ಷಣ ಮಾಡಿ ಕಳಿಸಿದೆ. ಆ ಭಯ ಒಂದು ಇರಲಿಲ್ಲವಲ್ಲ, ಅಷ್ಟೇ ಸಮಾಧಾನ."

"ಯಾವ ಲೆಕ್ಕ ನೋಡಿ ಬರೆದಿರಿ ಸಾರ್?"

"ಬೇರೆ ಯಾವುದಮ್ಮಾ? ಒಳಕೆಸರಿನದ್ದು ಇರೋದು ಒಂದೇ ಲೆಕ್ಕ. ನಿಮ್ಮಮ್ಮ ಕೊಟ್ಟ ಚಿಪ್ಪಿನದ್ದು."

ಲ್ಯಾಬು ಎಂದರೆ ಮಗಳ ಪಾಲಿಗೆ ದೊಡ್ಡ ಕಟ್ಟಡ, ಯಂತ್ರ, ಮೊಹರು ಬಿದ್ದ ಕಾಗದ. ಅವರಿಗೆ ಎಲ್ಲವೂ ತಾನಾಗಿಯೇ ಗೊತ್ತಿರುತ್ತದೆ ಎಂದುಕೊಂಡಿದ್ದಳು. ಆ ಕಾಗದದ ಬುಡದಲ್ಲಿ ಇರುವುದು ತಮ್ಮ ಮನೆಯ ಹಲಗೆಯ ಮೇಲಿನ ಬಿಳಿ ಬೋಗುಣಿ ಎಂದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ.

*

ಮೊದಲು ಮುರಿದದ್ದು ಪಕ್ಕೆಲುಬು. ಅಮ್ಮ ಕೆಮ್ಮಿದಳು, ಮುರಿಯಿತು. ಕೆಮ್ಮಿದ್ದಕ್ಕೆ ಮೂಳೆ ಮುರಿಯುವುದುಂಟೇ ಎಂದು ಓಣಿಯವರು ನಂಬಲಿಲ್ಲ. ಆಮೇಲೆ ಬಕೆಟ್ಟು ಎತ್ತುವಾಗ ಮಣಿಕಟ್ಟು, ಮಂಚದಿಂದ ಇಳಿಯುವಾಗ ತೊಡೆ. ಆಸ್ಪತ್ರೆಯ ಡಾಕ್ಟರು, ಸಣ್ಣ ವಯಸ್ಸಿನ ಹೆಂಗಸು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮೂತ್ರಪಿಂಡದ ಚೀಟಿಯನ್ನೂ ನೋಡಿದಳು.

"ಇವರು ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದಾರಾ? ಬ್ಯಾಟರಿ, ಬಣ್ಣ, ಅಂಥದ್ದು?"

"ಇಲ್ಲ. ಚಿಪ್ಪು ಹೆಕ್ಕೋದು."

"ಚಿಪ್ಪು ತಿಂತಾರಾ?"

ಮಂಚದ ಮೇಲಿಂದ ಅಮ್ಮನೇ ಉತ್ತರ ಕೊಟ್ಟಳು. "ಚಿಪ್ಪಿನೋರು ಚಿಪ್ಪು ತಿನ್ನದೆ ಬಂಗಾರ ತಿಂತಾರಾ ಡಾಕ್ಟ್ರೇ? ದೊಡ್ಡದು ಮಾರ್ತೀವಿ, ಸಣ್ಣದು ತಿಂತೀವಿ. ನಾನು ಹಲ್ಲು ಬಂದಾಗಿಂದ ತಿಂತಿದೀನಿ."

ಡಾಕ್ಟರು ನಗಲಿಲ್ಲ. ಮೂಳೆ, ಮೂತ್ರಪಿಂಡ ಎರಡೂ ಹೀಗೆ ಒಟ್ಟಿಗೆ ಹೋಗಿರುವುದು ತನಗೆ ಸರಿ ಕಾಣುತ್ತಿಲ್ಲ ಎಂದಳು. ರಕ್ತದಲ್ಲಿ ಲೋಹ ನೋಡುವ ಪರೀಕ್ಷೆ ಇಲ್ಲಿಲ್ಲ, ದೂರ ಕಳಿಸಬೇಕು, ಅದಕ್ಕೆ ಮೊದಲು ಕೊಲ್ಲಿಯ ವಿಷಯ ಬರೆದು ಕೇಳುತ್ತೇನೆ, ಉತ್ತರ ಬರುವವರೆಗೆ ಮನೆಯಲ್ಲಿ ಯಾರೂ ಚಿಪ್ಪು ತಿನ್ನಬೇಡಿ ಎಂದಳು. ಅವರು ತಿನ್ನಲಿಲ್ಲ. ಹದಿನಾರು ದಿನ ಇಡೀ ಮನೆ ಬಾಯಿ ಕಟ್ಟಿತು. ಅಮ್ಮ ಮಾತ್ರ ಗೊಣಗುತ್ತಲೇ ಇದ್ದಳು.

ಹದಿನೇಳನೆಯ ದಿನ ಕಾಗದ ಬಂತು. ಎಲ್ಲವೂ ಮಿತಿಯೊಳಗಿದೆ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಮಿತಿ ದಾಟಿಲ್ಲ. ಡಾಕ್ಟರು ಕಾಗದವನ್ನು ಎರಡು ಸಲ ಓದಿ, ಕನ್ನಡಕ ಸರಿಮಾಡಿಕೊಂಡು, "ಹಾಗಾದ್ರೆ ವಯಸ್ಸೇ ಇರಬೇಕು," ಎಂದಳು. ದೂರದ ಪರೀಕ್ಷೆಯ ಮಾತು ಅಲ್ಲಿಗೇ ನಿಂತಿತು.

"ನಾನು ಹೇಳಲಿಲ್ವಾ?" ಅಮ್ಮ ಗೆದ್ದವಳ ಹಾಗೆ ಸುತ್ತ ನೋಡಿದಳು. "ನಮ್ಮ ಕೊಲ್ಲಿ ಹಾಲು. ಸುಮ್ಮನೆ ಹದಿನಾರು ದಿನ ಹೊಟ್ಟೆ ಕಾಯಿಸಿದ್ರು." ಆ ಸಂಜೆ ಮಗಳು ದೊಡ್ಡ ಪಾತ್ರೆ ತುಂಬ ಚಿಪ್ಪು ಬೇಯಿಸಿದಳು. ಅಮ್ಮ ಎರಡು ಬಟ್ಟಲು ತಿಂದಳು, ಮಗಳು ಮೂರು. ಅವಳಿಗೆ ಆ ವಾರವೇ ತಿಂಗಳು ನಿಂತದ್ದು ತಿಳಿದಿತ್ತು. ಎರಡು ಸಲ ಉಳಿಯದೆ ಹೋದದ್ದು ಈ ಸಲ ಉಳಿಯಲಿ ಎಂದು ಅಮ್ಮ ಮಲಗಿದಲ್ಲಿಂದಲೇ ದಿನವೂ ಅವಳ ಬಟ್ಟಲಿಗೆ ಇಣುಕಿ ನೋಡುತ್ತಿದ್ದಳು. ಕಡಿಮೆ ಕಂಡರೆ ಬೈಯುತ್ತಿದ್ದಳು.

*

ಅಡುಗೆಮನೆಯಲ್ಲಿ ಉಗಿ ತುಂಬಿತ್ತು. ಮಣ್ಣು ಮಾಡಿ ಬರುವವರಿಗೆ ಬಿಸಿಯಾಗಿ ಕೊಡಬೇಕೆಂದು ಚಿಕ್ಕಮ್ಮ ಬೆಳಗಿನ ಇಳಿತದ ಸಣ್ಣ ಚಿಪ್ಪುಗಳನ್ನು ಒಲೆಗೆ ಹಾಕಿದ್ದಳು. ಪಾತ್ರೆಯೊಳಗೆ ಅವು ಒಂದೊಂದಾಗಿ ಬಾಯಿ ಬಿಡುವ ಸದ್ದು ಕೇಳುತ್ತಿತ್ತು. ಮಗಳನ್ನು ಕಂಡದ್ದೇ ಚಿಕ್ಕಮ್ಮ ಒಂದು ಬಟ್ಟಲು ತುಂಬಿ ಮುಂದೆ ಹಿಡಿದಳು.

"ಬೆಳಗಿಂದ ನೀರು ಬಿಟ್ಟರೆ ಏನಿಲ್ಲ ನಿನ್ನ ಹೊಟ್ಟೇಲಿ. ಎರಡು ಜೀವ. ತಿನ್ನು ಮೊದಲು."

ಮಗಳು ಬಟ್ಟಲು ತೆಗೆದುಕೊಳ್ಳಲಿಲ್ಲ. "ಚಿಕ್ಕಮ್ಮ, ಅಮ್ಮ ಮಲಗಿದ ಮೇಲೆ ಬೋಗುಣಿಗೆ ನೀವು ಎಲ್ಲಿಂದ ತಂದಿರಿ?"

"ಹೊರದಿಬ್ಬದಿಂದ. ಇನ್ನೆಲ್ಲಿಂದ ತರಲಿ? ಗುಮ್ಮನ್ನ ಕಾಡಿ ಬೇಡಿ ದೋಣಿ ತಗೊಂಡು ಹೋಗಿದ್ದೆ. ನಿಮ್ಮಮ್ಮ ಮಲಗಿದಲ್ಲೇ ನೂರು ಸಲ ಹೇಳಿದ್ಲು, ಸಣ್ಣದು ಹಾಕಬೇಡ, ಮಾನ ಹೋಗುತ್ತೆ ಅಂತ."

"ಅವರು ಅದನ್ನ ಒಳಕೆಸರಿನದ್ದು ಅಂತ ನೋಡಿದ್ದಾರೆ. ಡಾಕ್ಟರಿಗೆ ಬರೆದದ್ದೂ ಅದೇ ಲೆಕ್ಕ."

ಸೌಟು ನಿಂತಿತು. ಮತ್ತೆ ತಿರುಗತೊಡಗಿತು. "ಒಂದೇ ಕೊಲ್ಲಿ, ಒಂದೇ ನೀರು."

"ಒಂದೇ ನೀರಲ್ಲ. ಕಾಲುವೆ ಬೀಳೋದು ಒಳಗೆ. ನಾವು ತಿನ್ನೋದು ಒಳಗಿಂದು. ಅವರಿಗೆ ಕೊಟ್ಟಿದ್ದು ಹೊರಗಿಂದು. ಅಮ್ಮ ತಿಂದದ್ದನ್ನ ಇವತ್ತಿನವರೆಗೆ ಯಾರೂ ನೋಡೇ ಇಲ್ಲ ಚಿಕ್ಕಮ್ಮ."

ಚಿಕ್ಕಮ್ಮ ಒಲೆಯನ್ನು ಸಣ್ಣಗೆ ಮಾಡಿದಳು. ಬಾಗಿಲತ್ತ ನೋಡಿದಳು. ದನಿ ಪಿಸುಮಾತಿಗೆ ಇಳಿಯಿತು. "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೇಳಬೇಡ. ಹೇಳಿದ್ರೆ ಏನಾಗುತ್ತೆ ಗೊತ್ತಾ? ನಾಳೆ ಬಂದು ದಡದಲ್ಲಿ ಬೋರ್ಡು ನೆಡ್ತಾರೆ. ಕೆಸರಿಗೆ ಇಳಿದ್ರೆ ಪೊಲೀಸು. ಈ ಓಣಿಯೋರಿಗೆ ಬೇರೆ ಏನು ಬರುತ್ತೆ ಹೇಳು? ಗುಮ್ಮ ಹೋಗಿ ಆಫೀಸಿನ ಕುರ್ಚಿ ಮೇಲೆ ಕೂರ್ತಾನಾ? ಮತ್ತೆ ನಿಮ್ಮಮ್ಮ... ಇನ್ನೂ ಮಣ್ಣಾಗಿಲ್ಲ ಅವಳು. ಗಡಿಯಾರ ಸುಳ್ಳು ಹೇಳಿದ್ಲು, ಮೋಸ ಮಾಡಿದ್ಲು ಅಂತಾರೆ. ಹನ್ನೊಂದು ವರ್ಷ ಮೋಸ."

"ಮೋಸ ಅಲ್ಲ ಅದು."

"ಅಲ್ಲ ಅಂತ ನಿಂಗೆ ಗೊತ್ತು, ನಂಗೆ ಗೊತ್ತು. ಹೊರಗೆ ನಿಂತಿರೋರಿಗೆ?"

ಮುಚ್ಚಳ ತಿರುಗಿಸಿದ ಕೈ ಮಗಳದೇ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದವಳು ಅವಳು. ಅಮ್ಮನ ಮೇಲೆ ಸಿಟ್ಟು ಬಂತು, ಸಾಯುವಷ್ಟು ಪ್ರೀತಿಯೂ ಬಂತು, ಲ್ಯಾಬಿನವರ ಕನ್ನಡಕ ಒಡೆದು ಹಾಕಬೇಕೆನಿಸಿತು. ಒಂದು ಬೂಟು ಹೋದದ್ದಕ್ಕೆ ಹನ್ನೊಂದು ವರ್ಷ ಕಟ್ಟೆ ಬಿಟ್ಟು ಇಳಿಯಲಿಲ್ಲವಲ್ಲ ಈ ಮನುಷ್ಯ!

ಚಿಕ್ಕಮ್ಮ ಪಾತ್ರೆ ಇಳಿಸಲು ಬಗ್ಗಿದವಳು ಹಾಗೇ ತಡೆದು ನಿಂತಳು. ಎಡಗೈ ಪಕ್ಕೆಗೆ ಹೋಯಿತು. ಮುಖ ಹಿಂಡಿದಂತಾಯಿತು.

"ಯಾವಾಗಿಂದ ಚಿಕ್ಕಮ್ಮ?"

"ಏನು ಯಾವಾಗಿಂದ?"

"ಪಕ್ಕೆ ನೋವು."

"ಅದೇನಿಲ್ಲ ಬಿಡೇ," ಎಂದಳು ಚಿಕ್ಕಮ್ಮ. "ವಯಸ್ಸು."

ಮಗಳು ಬಟ್ಟಲನ್ನು ತೆಗೆದು ಕಿಟಕಿಯ ಮೇಲೆ ಇಟ್ಟಳು. ಹೊಟ್ಟೆಯೊಳಗಿನದು ಒಮ್ಮೆ ಮಗ್ಗುಲು ಬದಲಿಸಿ ಸುಮ್ಮನಾಯಿತು.

*

ನಾಲ್ಕಕ್ಕೆ ಅಮ್ಮನನ್ನು ಎತ್ತಿದರು. ಹೊತ್ತವರು ಆರು ಜನ. ಆದರೆ ಇಬ್ಬರೇ ಸಾಕಾಗಿತ್ತು, ಅಷ್ಟು ಹಗುರವಾಗಿದ್ದಳು. ಸ್ಮಶಾನ ಓಣಿಯ ಹಿಂದಿನ ದಿಬ್ಬದಲ್ಲಿತ್ತು. ಅಲ್ಲಿಂದ ಕೊಲ್ಲಿ ಪೂರ್ತಿ ಕಾಣುತ್ತದೆ: ಒಳಕೆಸರನ್ನೂ ಅದರ ಮೇಲೆ ಹಲಗೆಗಳು ಎಳೆದ ಉದ್ದುದ್ದ ಗೆರೆಗಳನ್ನೂ ಮುಚ್ಚಿ ತುಂಬಿದ ಹೊಳೆಯುವ ನೀರು, ಮೂಲೆಯಲ್ಲಿ ಕಾಲುವೆಯ ಬಾಯಿ, ಬಹಳ ದೂರದಲ್ಲಿ ಹೊರದಿಬ್ಬದ ಬಿಳಿ ಪಟ್ಟಿ. ಮಗಳು ಆ ಬಿಳಿ ಪಟ್ಟಿಯನ್ನೇ ನೋಡುತ್ತ ನಿಂತಳು. ಬಿಸಿಲಿನಲ್ಲಿ, ಗಾಳಿಯಲ್ಲಿ, ತಿಂಗಳುಗಟ್ಟಲೆ ನೋಯುವ ಮೂಳೆ ಇಟ್ಟುಕೊಂಡೂ ಅಮ್ಮ ಅಲ್ಲಿಯವರೆಗೆ ಹುಟ್ಟು ಹಾಕಿದ್ದಳು.

ಯಾರಾದರೂ ಎರಡು ಮಾತಾಡಿ ಎಂದಾಗ ಎಲ್ಲರೂ ಲ್ಯಾಬಿನವರ ಮುಖ ನೋಡಿದರು. ಓದಿದವರು ಅವರೊಬ್ಬರೇ. ಅವರು ಮಣ್ಣಿನ ಗುಡ್ಡೆಯ ಪಕ್ಕ ನಿಂತು ಕೆಮ್ಮಿದರು.

"ನಾನು ಇಪ್ಪತ್ತು ಊರುಗಳ ಮಣ್ಣು ನೋಡಿದ್ದೀನಿ. ಈ ಅಮ್ಮನ ಕೈಯಿಂದ ಬಂದಷ್ಟು ಶುದ್ಧವಾದದ್ದು ಎಲ್ಲೂ ನೋಡಿಲ್ಲ. ನಿಮ್ಮ ಕೊಲ್ಲಿ ಚೆನ್ನಾಗಿದೆ ಅಂತ ನಾನು ಎಲ್ಲ ಕಡೆ ಹೇಳ್ತೀನಿ. ಅದು ಇವರ ಪುಣ್ಯ."

ಜನರ ಮುಖ ಅರಳಿತು. ಗುಮ್ಮ ತಲೆಯಾಡಿಸಿದ. ಚಿಕ್ಕಮ್ಮ ಮಾತ್ರ ನೆಲ ನೋಡುತ್ತಿದ್ದಳು. ಮಗಳು ಹಿಡಿ ಮಣ್ಣು ಹಾಕಿದಳು. ಕೈ ಕೊಡವಿಕೊಂಡಾಗ ತನ್ನ ಉಗುರಿನ ಸುತ್ತಲೂ ಕರಿ ಗೆರೆ ಇರುವುದು ಕಂಡಿತು. ಅದು ಈಗ ಮೆತ್ತಿದ ಮಣ್ಣಲ್ಲ.

ಕೆಳಗೆ ನೀರು ತಿರುಗಿತು. ಕೂಗುವವರಿರಲಿಲ್ಲ. ಆದರೂ ಎಲ್ಲರಿಗೂ ಗೊತ್ತಾಯಿತು.

ಮನೆಗೆ ಬಂದ ಮೇಲೆ ಚಿಕ್ಕಮ್ಮ ಬಾಗಿಲಲ್ಲಿ ನಿಂತು ಬಡಿಸತೊಡಗಿದಳು. ಓಣಿಯವರು ಅಂಗಳದಲ್ಲಿ, ಕಟ್ಟೆಯ ಮೇಲೆ ಕೂತು ಬಿಸಿ ಬಟ್ಟಲು ಊದಿಕೊಂಡರು. ಅಳು ಮುಗಿದ ಮನೆಯಲ್ಲಿ ಆಗುವಂತೆ ಮಾತು ಮೆಲ್ಲಗೆ ದೊಡ್ಡದಾಗುತ್ತಿತ್ತು, ಯಾರೋ ಬೂಟಿನ ಕತೆ ಎತ್ತಿದ್ದರು. ಲ್ಯಾಬಿನವರು ಕಾರಿನ ಬಳಿ ನಿಂತು ಮಗಳಿಗೆ ಹೇಳುತ್ತಿದ್ದರು.

"ಈ ಸಲದ್ದು ಈ ವಾರವೇ ಆಗಬೇಕಿತ್ತು. ಇವತ್ತು ಕೇಳೋದು ಸರಿಯಲ್ಲ. ಮುಂದಿನ ವಾರ ಬರ್ತೀನಮ್ಮ."

"ಪೆಟ್ಟಿಗೆ ತಂದಿದ್ದೀರಾ ಸಾರ್?"

"ಕಾರಲ್ಲೇ ಇರುತ್ತೆ ಯಾವಾಗಲೂ."

"ನಿಲ್ಲಿ ಹಾಗಾದ್ರೆ."

ಅವಳು ಒಳಗೆ ಹೋಗಿ ಹಲಗೆಯಿಂದ ಬಿಳಿ ಬೋಗುಣಿ ಇಳಿಸಿದಳು. ಅದನ್ನು ಹಿಡಿದು ಹೊರಗೆ ಬಂದಾಗ ಮಾತು ನಿಂತಿತು. ಅಮ್ಮನ ಮಾತು ಉಳಿಸುತ್ತಾಳೆ ನೋಡು ಮಗಳು ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು. ಚಿಕ್ಕಮ್ಮ ಸೌಟು ಹಿಡಿದವಳು ಹಿಡಿದಂತೆಯೇ ನಿಂತಳು.

ಮಗಳು ಗೋಡೆಯ ಬಳಿ ಸಾಲಾಗಿದ್ದ ಬಕೆಟ್ಟುಗಳ ಹತ್ತಿರ ಹೋಗಿ, ಹೊಟ್ಟೆಗೊಂದು ಕೈ ಕೊಟ್ಟು, ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತಳು. ಬೆಳಗಿನ ಇಳಿತದ ಚಿಪ್ಪುಗಳು ಕೆಸರಿನ ಸಮೇತ ಹಾಗೇ ಇದ್ದವು. ಎರಡೂ ಕೈ ಹಾಕಿ ಬಾಚಿದಳು. ಕರಿ ಕೆಸರು ಮೊಣಕೈಯವರೆಗೆ ಹತ್ತಿತು. ಬೋಗುಣಿಗೆ ಸುರಿದಳು, ಮತ್ತೆ ಬಾಚಿದಳು. ಎಣಿಸಲಿಲ್ಲ.

"ಇದೇನಮ್ಮ," ಎಂದರು ಲ್ಯಾಬಿನವರು ಹತ್ತಿರ ಬಂದು. "ಇಷ್ಟು ಸಣ್ಣವು? ಇಷ್ಟು ಕಪ್ಪು?"

"ಒಳಕೆಸರಿನವು ಸಾರ್. ನಾವು ತಿನ್ನೋದು ಇವೇ."

"ಹಾಗಾದ್ರೆ ಇಷ್ಟು ವರ್ಷ ಕೊಟ್ಟಿದ್ದು?"

"ಹೊರದಿಬ್ಬದ್ದು. ಚಿಪ್ಪೂ ಅಲ್ಲಿಂದು, ಮರಳೂ ಅಲ್ಲಿಂದು. ಒಳ್ಳೇದನ್ನ ಕೊಡಬೇಕು ಅಂತ ಎರಡು ತಾಸು ಹುಟ್ಟು ಹಾಕಿ ತರ್ತಿದ್ಲು ಸಾರ್ ನಮ್ಮಮ್ಮ. ಮುಚ್ಚಳ ಹಾಕಿದ್ದು ನಾನು."

ಅಂಗಳದಲ್ಲಿ ಊದುವ ಸದ್ದು ನಿಂತಿತು. ಬಾಯಿಗೆ ಹೋಗುತ್ತಿದ್ದ ಗುಮ್ಮನ ಕೈ ಅರ್ಧದಲ್ಲೇ ಉಳಿಯಿತು. ಅವನು ಬಟ್ಟಲಿನೊಳಗೆ ನೋಡಿದ, ಮಗಳನ್ನು ನೋಡಿದ, ಬಟ್ಟಲನ್ನು ಮೆಲ್ಲನೆ ಕಟ್ಟೆಯ ಮೇಲೆ ಇಟ್ಟ. ಯಾರೂ ಮೋಸ ಎನ್ನಲಿಲ್ಲ.

ಲ್ಯಾಬಿನವರು ತಮ್ಮ ಕಾಲು ನೋಡಿಕೊಂಡರು. ಪಾಲಿಶ್ ಮಾಡಿದ ಕರಿ ಶೂ, ಸ್ಮಶಾನದ ಧೂಳು. "ಒಂದು ಸಲ," ಎಂದರು. "ಒಂದೇ ಒಂದು ಸಲ ನಾನು ಇಳಿಯಬೇಕಿತ್ತು." ಡಾಕ್ಟರಿಗೆ ಟೈಪ್ ಮಾಡಿದ ಕಾಗದ ನೆನಪಾಗಿರಬೇಕು. ಏನು ಮಾಡಬೇಕೆಂದು ತೋಚದವರಂತೆ, ಹನ್ನೊಂದು ವರ್ಷದ ಅಭ್ಯಾಸದಿಂದಲೋ ಏನೋ, ಬೋಗುಣಿಯನ್ನು ಎತ್ತಿಕೊಂಡು ನಲ್ಲಿಯ ಕಡೆ ತಿರುಗಿದರು.

"ತೊಳೀಬೇಡಿ ಸಾರ್."

ಹೇಳಿದ್ದು ಮಗಳಲ್ಲ. ಚಿಕ್ಕಮ್ಮ ಬಾಗಿಲಿಂದ ಇಳಿದು ಬಂದಿದ್ದಳು. ಒಂದು ಕೈ ಪಕ್ಕೆಯ ಮೇಲಿತ್ತು. ಇನ್ನೊಂದು ಕೈಯಿಂದ ನಲ್ಲಿಯನ್ನು ಬಿಗಿಯಾಗಿ ಮುಚ್ಚಿ ಹಿಡಿದುಕೊಂಡಳು.

"ಹಾಗೇ ತಗೊಂಡು ಹೋಗಿ."

ಲ್ಯಾಬಿನವರು ಬೋಗುಣಿಯನ್ನು ಎದೆಗೆ ಒತ್ತಿ ಹಿಡಿದು ನಿಂತರು. ಕೆಸರಿನ ನಡುವೆ ಒಂದು ಸಣ್ಣ ಚಿಪ್ಪು ಕೂದಲೆಳೆಯಷ್ಟು ಬಾಯಿ ಬಿಟ್ಟು ಪಿಚಕ್ಕೆಂದು ಉಗುಳಿತು. ಕರಿ ನೀರು ನೀಲಿ ಅಂಚು ದಾಟಿ ಅವರ ಬಿಳಿ ಅಂಗಿಯ ಮೇಲೆ ಇಳಿಯಿತು.